ಬಿಡಿಎಸ್ ನಂತರ ಹೊರದೇಶದ ಲೈಸೆನ್ಸ್ ಪರೀಕ್ಷೆ: ಅಮೆರಿಕವೋ, ಬ್ರಿಟನ್ನೋ, ಆಸ್ಟ್ರೇಲಿಯಾವೋ?

ಹೌಸ್ ಸರ್ಜನ್ಸಿ ಮುಗಿಯುವ ಹೊತ್ತಿಗೆ ನಮ್ಮ ದಂತವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಸರ್, ಯಾವ ದೇಶದ ಪರೀಕ್ಷೆ ಸುಲಭ?" ಈ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದು ಕಷ್ಟ, ಏಕೆಂದರೆ ಬರವಣಿಗೆಯ ಪರೀಕ್ಷೆಯಷ್ಟನ್ನೇ ನೋಡಿದರೆ ಯಾವ ದೇಶದ್ದೂ ನಮ್ಮ ಬಿಡಿಎಸ್ ಪದವೀಧರರಿಗೆ ಮೀರಿದ್ದಲ್ಲ. ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಬರವಣಿಗೆ ಮುಗಿದ ಮೇಲೆ ಏನು ಕಾದಿದೆ ಎಂಬುದರಲ್ಲಿ. ಒಂದು ಕಡೆ ಮತ್ತೆ ಎರಡು ಮೂರು ವರ್ಷ ಕಾಲೇಜಿಗೆ ಹೋಗಬೇಕು, ಇನ್ನೊಂದು ಕಡೆ ಪರೀಕ್ಷೆಯ ಸೀಟಿಗಾಗಿಯೇ ತಿಂಗಳುಗಟ್ಟಲೆ ಕಾಯಬೇಕು, ಮತ್ತೊಂದು ಕಡೆ ಪರೀಕ್ಷಕರ ಕಣ್ಣೆದುರಿಗೆ ಪ್ಲಾಸ್ಟಿಕ್ ಹಲ್ಲು ಕೊರೆಯಬೇಕು. ಆದ್ದರಿಂದ ಆಯ್ಕೆ ಮಾಡುವವರು ಪ್ರಶ್ನೆಪತ್ರಿಕೆಗಿಂತ ಮೊದಲು ತಮ್ಮ ಕೈ, ಕಾಸು ಮತ್ತು ಕೈಯಲ್ಲಿರುವ ವರ್ಷಗಳನ್ನು ಅಳೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ನಮಗೆ ಈ ಲೈಸೆನ್ಸ್ ಪರೀಕ್ಷೆ ಎಂಬ ಕಲ್ಪನೆಯೇ ಹೊಸದು. ಕರ್ನಾಟಕದಲ್ಲಿ ನಾಲ್ಕು ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದವರು ಕರ್ನಾಟಕ ರಾಜ್ಯ ದಂತವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಕ್ಲಿನಿಕ್ ತೆರೆಯುವುದು ರೂಢಿ. ಪದವಿಗೂ ನೋಂದಣಿಗೂ ನಡುವೆ ಬೇರೆ ಪರೀಕ್ಷೆ ಇರಲಿಲ್ಲ. ರಾಷ್ಟ್ರೀಯ ದಂತ ಆಯೋಗ ಕಾಯ್ದೆ, 2023 ಅಂತಹ ನಿರ್ಗಮನ ಪರೀಕ್ಷೆಯೊಂದಕ್ಕೆ ಅವಕಾಶ ಮಾಡಿದೆಯಾದರೂ ನಮ್ಮ ಓದಿನ ಅಭ್ಯಾಸ ರೂಪುಗೊಂಡಿರುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಲಾಂಗ್ ಎಸ್ಸೆ, ಶಾರ್ಟ್ ಎಸ್ಸೆ, ಶಾರ್ಟ್ ಆನ್ಸರ್ ಮಾದರಿಯಲ್ಲಿ. ವರ್ಗೀಕರಣ ಬರೆದು, ಚಿತ್ರ ಬಿಡಿಸಿ, ಅಡಿಗೆರೆ ಎಳೆದು ಅಂಕ ಗಳಿಸಿದ ನಾವು, ಐದು ಉತ್ತರಗಳಲ್ಲಿ ಮೂರು ಸರಿಯಾಗಿಯೇ ಕಾಣುವ ಪ್ರಶ್ನೆಯ ಮುಂದೆ ಕುಳಿತಾಗ ತಡವರಿಸುವುದು ಸಹಜ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಬ್ರಿಟನ್ನಿನ ದಾರಿಯಲ್ಲಿ ಹೋದವನು. ಅಮೆರಿಕ, ಆಸ್ಟ್ರೇಲಿಯಾಗಳ ವಿಷಯವನ್ನು ಆ ದಾರಿ ಹಿಡಿದ ಸಹಪಾಠಿಗಳ ಜೊತೆ ಕುಳಿತು ಓದಿ, ಓದಿಸಿ ತಿಳಿದುಕೊಂಡಿದ್ದೇನೆ. ಹಾಗಾಗಿ ಬರಹದಲ್ಲಿ ಎಲ್ಲಿಯಾದರೂ ಬ್ರಿಟನ್ನಿನ ಕಡೆಗೆ ಒಲವೋ, ಅದರ ಮೇಲೆ ಹಳೆಯ ಮುನಿಸೋ ಕಂಡರೆ ಓದುಗರು ಅದನ್ನು ಕಳೆದು ಓದಿಕೊಳ್ಳಬಹುದು.

ಅಮೆರಿಕದಿಂದ ಆರಂಭಿಸೋಣ. ಅಲ್ಲಿನ ರಾಷ್ಟ್ರೀಯ ಬರವಣಿಗೆ ಪರೀಕ್ಷೆಯ ಹೆಸರು ಐಎನ್‌ಬಿಡಿಇ. ಮೊದಲು ಪಾರ್ಟ್ ಒನ್, ಪಾರ್ಟ್ ಟೂ ಎಂದು ಎರಡಾಗಿದ್ದ ಎನ್‌ಬಿಡಿಇಯ ಬದಲಿಗೆ 2020ರ ಆಗಸ್ಟ್‌ನಲ್ಲಿ ಇದು ಬಂತು. ಎರಡು ದಿನಗಳಲ್ಲಿ ಒಟ್ಟು 500 ಪ್ರಶ್ನೆಗಳು: ಮೊದಲ ದಿನ 360, ಎರಡನೆಯ ದಿನ 140. ಎರಡನೆಯ ದಿನದವು ಪೂರ್ತಿಯಾಗಿ ರೋಗಿಯ ಪ್ರಕರಣಗಳನ್ನೇ ಆಧರಿಸಿದವು. ಇಲ್ಲಿ 'ಪೇಷಂಟ್ ಬಾಕ್ಸ್' ಎಂಬುದನ್ನು ಹತ್ತಿರದಿಂದ ನೋಡಬೇಕು. ಪರದೆಯ ಮೇಲೆ ಒಂದು ಚೌಕ. ಅದರಲ್ಲಿ ರೋಗಿಯ ವಯಸ್ಸು, ಮುಖ್ಯ ದೂರು, ಹಿಂದಿನ ಕಾಯಿಲೆಗಳು, ಸೇವಿಸುತ್ತಿರುವ ಮಾತ್ರೆಗಳು, ಅಲರ್ಜಿ, ಈಗಿನ ತಪಾಸಣೆಯಲ್ಲಿ ಕಂಡದ್ದು. ಕೆಳಗಿರುವ ಪ್ರಶ್ನೆ ಹಲ್ಲು ಕೀಳುವುದರ ಬಗ್ಗೆ ಇರುತ್ತದೆ, ಆದರೆ ಉತ್ತರ ಅಡಗಿರುವುದು ಮಾತ್ರೆಗಳ ಸಾಲಿನಲ್ಲಿ: ಮೂಳೆ ಸವೆತಕ್ಕೆ ರೋಗಿ ತೆಗೆದುಕೊಳ್ಳುತ್ತಿರುವ ಬಿಸ್ಫಾಸ್ಫೊನೇಟ್ ಎಂಬ ಒಂದೇ ಒಂದು ಪದದಲ್ಲಿ. ಎರಡನೆಯ ವರ್ಷದಲ್ಲಿ ಫಾರ್ಮಕಾಲಜಿಯನ್ನು ಪಾಸಾಗಲಷ್ಟೇ ಓದಿ ಮರೆತವರಿಗೆ ಈ ಚೌಕ ಎಡವುಗಲ್ಲು.

ಪಠ್ಯದ ಹಂಚಿಕೆಯನ್ನು ನೋಡಿದರೆ ತಯಾರಿ ಹೇಗಿರಬೇಕು ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ರೋಗನಿರ್ಣಯ ಮತ್ತು ಚಿಕಿತ್ಸಾ ಯೋಜನೆಗೆ ಶೇ. 36.2, ಬಾಯಿಯ ಆರೋಗ್ಯದ ನಿರ್ವಹಣೆಗೆ ಶೇ. 42, ವೃತ್ತಿಗೆ ಸಂಬಂಧಿಸಿದ ಸಂಗತಿಗಳಿಗೆ ಶೇ. 21.8. ಈ ಕೊನೆಯ ಭಾಗವನ್ನು ನಮ್ಮವರು ಕಡೆಗಣಿಸುವಷ್ಟು ಬೇರೆ ಯಾವುದನ್ನೂ ಕಡೆಗಣಿಸುವುದಿಲ್ಲ. ರೋಗಿಯ ಜೊತೆ ಹೇಗೆ ಮಾತನಾಡಬೇಕು, ಒಪ್ಪಿಗೆ ಹೇಗೆ ಪಡೆಯಬೇಕು, ಒಂದು ಅಧ್ಯಯನದ ಅಂಕಿಸಂಖ್ಯೆಯನ್ನು ಹೇಗೆ ಓದಬೇಕು ಎಂಬಂಥ ಪ್ರಶ್ನೆಗಳು ಒಟ್ಟು ಪರೀಕ್ಷೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು. "ಕಾಮನ್ ಸೆನ್ಸ್ ತಾನೇ, ಹಿಂದಿನ ದಿನ ನೋಡಿಕೊಂಡರಾಯಿತು" ಎಂದು ಬಿಟ್ಟವರು ಅಲ್ಲಿಯೇ ಅಂಕ ಕಳೆದುಕೊಳ್ಳುತ್ತಾರೆ.

ಇನ್ನೊಂದು ಸಂಗತಿ: ಐಎನ್‌ಬಿಡಿಇಯಲ್ಲಿ ತೇರ್ಗಡೆಯಾದವರಿಗೆ ಅಂಕ ತಿಳಿಸುವುದಿಲ್ಲ, 'ಪಾಸ್' ಎಂದಷ್ಟೇ ತಿಳಿಸುತ್ತಾರೆ. ಹೀಗಾಗಿ ಇದು ನೀಟ್ ಎಂಡಿಎಸ್ ಹಾಗೆ ರ‍್ಯಾಂಕಿನ ಪೈಪೋಟಿ ಅಲ್ಲ. ಗಡಿ ದಾಟಿದರೆ ಸಾಕು. ಆರು ತಿಂಗಳ ಗಟ್ಟಿ ಓದು ಸಾಕಾಗುವ ಕಡೆ ಒಂದೂವರೆ ವರ್ಷ ಓದಿ ಕೂರುವುದು ಇಲ್ಲಿ ಶುದ್ಧ ನಷ್ಟ, ಏಕೆಂದರೆ ಮುಂದಿನ ಹಂತದಲ್ಲಿ ತೂಕ ಇರುವುದು ಬೇರೆಯವಕ್ಕೆ. ವಿದೇಶದಲ್ಲಿ ಓದಿದ ದಂತವೈದ್ಯರು ಅಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಕೋರ್ಸ್ ಮಾಡಿ ಡಿಡಿಎಸ್ ಅಥವಾ ಡಿಎಂಡಿ ಪದವಿ ಪಡೆಯಬೇಕು. ಅರ್ಜಿಗಳು ಬಹುಪಾಲು ಕಾಪಿಡ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಹೋಗುತ್ತವೆ. ಕಾಲೇಜುಗಳು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ, ಶಿಫಾರಸು ಪತ್ರಗಳು, ಕ್ಲಿನಿಕಿನ ಅನುಭವ, ಸಂದರ್ಶನ ಎಲ್ಲವನ್ನೂ ನೋಡುತ್ತವೆ. ಹಲವು ಕಾಲೇಜುಗಳು ಬೆಂಚ್ ಟೆಸ್ಟ್ ಎಂದು ಟೈಪೊಡಾಂಟ್, ಅಂದರೆ ಕೃತಕ ಹಲ್ಲುಗಳ ಮಾದರಿಯ ಮೇಲೆ ಕೈಕೆಲಸ ಮಾಡಿಸುತ್ತವೆ. ಶುಲ್ಕ ಮಾತ್ರ ಎದೆ ನಡುಗಿಸುವಂಥದ್ದು: ಇಡೀ ಕೋರ್ಸಿಗೆ ಒಂದೂವರೆ ಎರಡು ಲಕ್ಷ ಡಾಲರ್ ದಾಟುವ ಕಾಲೇಜುಗಳು ಹಲವಿವೆ. ಆ ಮೇಲೆ ರಾಜ್ಯವಾರು ಕ್ಲಿನಿಕಲ್ ಪರೀಕ್ಷೆ ಬೇರೆ ಇದೆ. ಆದರೆ ಇಷ್ಟು ತೆತ್ತವರ ಕೈಗೆ ಬರುವುದು ಆ ದೇಶದ್ದೇ ಪದವಿ ಎಂಬುದನ್ನು ಮರೆಯಬಾರದು. ಅಮೆರಿಕದ ಮಾನ್ಯತೆ ಪಡೆದ ಕಾಲೇಜಿನ ಪದವಿ ಇದ್ದರೆ ಕೆನಡಾದಲ್ಲಿಯೂ ತಮ್ಮ ಪದವಿ ಅಲ್ಲಿನದಕ್ಕೆ ಸಮಾನ ಎಂದು ತೋರಿಸಬೇಕಾದ ವಿದೇಶಿ ಪದವೀಧರರ ಉದ್ದನೆಯ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ.

ಬ್ರಿಟನ್ನಿನ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಮತ್ತೆ ಕಾಲೇಜಿಗೆ ಹೋಗಬೇಕಾಗಿಲ್ಲ. ಜನರಲ್ ಡೆಂಟಲ್ ಕೌನ್ಸಿಲ್, ಅಂದರೆ ಜಿಡಿಸಿ, 2007ರಿಂದ ನಡೆಸುತ್ತಿರುವ ಓಆರ್‌ಇ ಎಂಬ ಪರೀಕ್ಷೆಯ ಎರಡು ಭಾಗಗಳನ್ನು ದಾಟಿದರೆ ನೋಂದಣಿಗೆ ಅರ್ಹತೆ ಸಿಗುತ್ತದೆ. ಮೊದಲ ಭಾಗದಲ್ಲಿ ಕಂಪ್ಯೂಟರಿನಲ್ಲಿ ಬರೆಯುವ ಎರಡು ಪತ್ರಿಕೆಗಳು, ತಲಾ ಮೂರು ಗಂಟೆ. ಎರಡನೆಯ ಭಾಗದಲ್ಲಿ ನಾಲ್ಕು ಘಟಕಗಳು: ರೋಗಿಯ ತಲೆಯ ಮಾದರಿಯ ಮೇಲೆ ಮೂರು ಗಂಟೆಯ ಮ್ಯಾನಿಕಿನ್ ಕೆಲಸ, ಒಂದೊಂದು ಮೇಜಿನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುತ್ತ ಸಾಗುವ, ಆಸ್ಕಿ ಎಂದು ನಾವು ಕರೆಯುವ ಪರೀಕ್ಷೆ, ರೋಗನಿರ್ಣಯ ಮತ್ತು ಚಿಕಿತ್ಸಾ ಯೋಜನೆ, ವೈದ್ಯಕೀಯ ತುರ್ತುಸ್ಥಿತಿ. ನಾಲ್ಕರಲ್ಲೂ ತೇರ್ಗಡೆಯಾಗಬೇಕು. ಪ್ರತಿ ಭಾಗಕ್ಕೂ ನಾಲ್ಕೇ ಅವಕಾಶಗಳು ಎಂಬುದು ಈವರೆಗಿನ ನಿಯಮ. ಇದಕ್ಕೆ ಪರ್ಯಾಯವಾಗಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ನಡೆಸುವ ಎಲ್‌ಡಿಎಸ್ ಎಂಬ ಪರೀಕ್ಷೆ ಇದೆ. ಎರಡಕ್ಕೂ ತಯಾರಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎಲ್ಲಿ ಸೀಟು ಮೊದಲು ಸಿಕ್ಕಿತೋ ಅಲ್ಲಿಗೆ ಹೋಗುವವರೇ ಜಾಸ್ತಿ.

ಸೀಟು ಎಂದೆನಲ್ಲ, ಬ್ರಿಟನ್ನಿನ ದಾರಿಯಲ್ಲಿ ಬಿಕ್ಕಟ್ಟು ಇರುವುದೇ ಅಲ್ಲಿ. ಕೋವಿಡ್ ಕಾಲದಲ್ಲಿ ಓಆರ್‌ಇ 2020ರಿಂದ ಸುಮಾರು ಎರಡು ವರ್ಷ ನಿಂತೇಹೋಯಿತು. ಆಗ ಬೆಳೆದ ಸಾಲು ಇನ್ನೂ ಕರಗಿಲ್ಲ. ಬುಕಿಂಗ್ ತೆರೆದ ದಿನ ಹಬ್ಬದ ಸಮಯದಲ್ಲಿ ರೈಲ್ವೆ ತತ್ಕಾಲ್ ಟಿಕೆಟ್‌ಗೆ ಕುಳಿತ ಹಾಗೆ ಮೂರು ಜನ ಸ್ನೇಹಿತರು ಮೂರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು, ಕೆಲವೇ ನಿಮಿಷಗಳಲ್ಲಿ ಎಲ್ಲ ಸೀಟು ತುಂಬಿ ಮುಖ ಮುಖ ನೋಡಿಕೊಳ್ಳುವುದು ಹೊಸ ಸಂಗತಿಯೇನಲ್ಲ. ಎರಡನೆಯ ಭಾಗದ ಶುಲ್ಕ ನಾಲ್ಕು ಸಾವಿರ ಪೌಂಡ್ ದಾಟುತ್ತದೆ, ಜೊತೆಗೆ ಲಂಡನ್ನಿಗೆ ಪ್ರಯಾಣ, ವಾಸ, ಅಭ್ಯಾಸದ ಕೋರ್ಸುಗಳ ಖರ್ಚು. ಅಮೆರಿಕದ ಶುಲ್ಕದ ಮುಂದೆ ಇದು ಏನೇನೂ ಅಲ್ಲ. ಆದರೆ ಕಾಯುವ ಅವಧಿಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು: ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿಗೆ ಎರಡು ವರ್ಷದ ಆಯಸ್ಸು, ಅದು ಮುಗಿದರೆ ಮತ್ತೆ ಬರೆಯಬೇಕು, ಒಟ್ಟು 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು ಎಂಬುದು ಜಿಡಿಸಿಯ ಮಟ್ಟ. ಕಾಯುವಾಗ ಡೆಂಟಲ್ ಥೆರಪಿಸ್ಟ್ ಎಂದು ನೋಂದಾಯಿಸಿಕೊಂಡು ದುಡಿಯುವ ಅಡ್ಡದಾರಿ ಹಿಂದೆ ಇತ್ತು. 2023ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ಆ ದಾರಿಯನ್ನು ಈಗಲೂ ತೋರಿಸುವ ಏಜೆಂಟರಿದ್ದರೆ ಅವರಿಂದ ದೂರ ಇರುವುದು ಒಳ್ಳೆಯದು.

ಪಾಸಾದ ಕೂಡಲೇ ಎಲ್ಲ ಮುಗಿಯಿತು ಎಂದೂ ಅಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡಲು ಪರ್ಫಾರ್ಮರ್ ಪಟ್ಟಿಯಲ್ಲಿ ಹೆಸರು ಬೇಕು, ಅದಕ್ಕಾಗಿ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಕಾಲ ದುಡಿಯಲು ಒಪ್ಪುವ ಕ್ಲಿನಿಕ್ಕನ್ನು ಹುಡುಕಿಕೊಳ್ಳಬೇಕು.

ಆಸ್ಟ್ರೇಲಿಯಾ ಈ ಎರಡರ ನಡುವೆ ನಿಲ್ಲುತ್ತದೆ. ಆಸ್ಟ್ರೇಲಿಯನ್ ಡೆಂಟಲ್ ಕೌನ್ಸಿಲ್, ಅಂದರೆ ಎಡಿಸಿ, ಮೊದಲು ದಾಖಲೆಗಳನ್ನು ಪರಿಶೀಲಿಸುತ್ತದೆ, ನಂತರ ಬರವಣಿಗೆ, ಕೊನೆಗೆ ಮೆಲ್ಬರ್ನಿನಲ್ಲಿ ಎರಡು ದಿನದ ಪ್ರಾಯೋಗಿಕ ಪರೀಕ್ಷೆ. ಅದರಲ್ಲಿ ಒಂದು ದಿನ ಕೈಕೆಲಸಕ್ಕೆ, ಇನ್ನೊಂದು ದಿನ ರೋಗಿಯ ಜೊತೆಗಿನ ಮಾತು, ತೀರ್ಮಾನ, ನಿರ್ವಹಣೆಗೆ. ಇಲ್ಲಿಯೂ ಮರಳಿ ಕಾಲೇಜಿಗೆ ಹೋಗಬೇಕಾಗಿಲ್ಲ, ನಂತರದ ನೋಂದಣಿಯೂ ನೇರ. ಬರವಣಿಗೆಯನ್ನು ದಾಟುವ ನಮ್ಮವರು ಪ್ರಾಯೋಗಿಕದಲ್ಲಿ ಮುಗ್ಗರಿಸುವುದನ್ನು ಕಂಡಿದ್ದೇನೆ. ಒಮ್ಮೆ ಮುಗ್ಗರಿಸಿದರೆ ವಿಮಾನದ ಟಿಕೆಟ್ ಸೇರಿ ಹಲವು ಲಕ್ಷ ರೂಪಾಯಿ ಕೈಬಿಟ್ಟ ಹಾಗೆ. ಹೀಗಾಗಿ ಇದು ಕೈ ಚೆನ್ನಾಗಿರುವವರ ದಾರಿ. ತುಮಕೂರಿನಲ್ಲೋ ಹಾಸನದಲ್ಲೋ ನಾಲ್ಕೈದು ವರ್ಷ ಸ್ವಂತ ಕ್ಲಿನಿಕ್ ನಡೆಸಿ, ದಿನಕ್ಕೆ ಹತ್ತು ಹಲ್ಲು ತುಂಬಿದವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಕೆನಡಾದಲ್ಲಿ ಬರವಣಿಗೆಯ ಎಎಫ್‌ಕೆಯಿಂದ ಆರಂಭವಾಗುವ ಸಮಾನತೆಯ ಪ್ರಕ್ರಿಯೆ ಇದೆ, ಒಟ್ಟಾವಾದಲ್ಲಿ ನಡೆಯುವ ಎನ್‌ಡಿಇಸಿಸಿ ಎಂಬ ಪ್ರಾಯೋಗಿಕ ಪರೀಕ್ಷೆ ಅದರ ಕಠಿಣ ಘಟ್ಟ. ಸ್ವಭಾವದಲ್ಲಿ ಅದು ಆಸ್ಟ್ರೇಲಿಯಾದ ದಾರಿಗೆ ಹತ್ತಿರ. ಮಂಗಳೂರು, ಉಡುಪಿ ಕಡೆಯವರಿಗೆ ಪರಿಚಿತವಾದ ಕೊಲ್ಲಿ ರಾಷ್ಟ್ರಗಳ ವಿಷಯ ಇನ್ನೂ ಸರಳ: ದಾಖಲೆಗಳ ಡೇಟಾಫ್ಲೋ ಪರಿಶೀಲನೆ, ಕೆಲಸದ ಅನುಭವದ ಪ್ರಮಾಣಪತ್ರ, ಕಂಪ್ಯೂಟರಿನಲ್ಲಿ ಒಂದು ಬಹುಆಯ್ಕೆ ಪರೀಕ್ಷೆ. ತಯಾರಿಗೆ ಎರಡು ಮೂರು ತಿಂಗಳು ಸಾಕು. ಸಂಪಾದನೆ ಬೇಗ ಆರಂಭವಾಗಬೇಕಾದವರಿಗೆ ಇದು ಒಳ್ಳೆಯ ದಾರಿಯೇ, ನೆಲೆ ನಿಲ್ಲಬೇಕೆನ್ನುವವರಿಗೆ ಅಲ್ಲ.

ಈಗ ತಯಾರಿಯ ವಿಷಯಕ್ಕೆ ಬರೋಣ. "ಎರಡೂ ದೇಶದ್ದಕ್ಕೆ ಒಟ್ಟಿಗೇ ಓದುತ್ತೇನೆ, ಯಾವುದು ಆಗುತ್ತದೋ ಆಗಲಿ" ಎಂದು ಹೊರಡುವವರಿಗೆ ನಾನು ಬೇಡ ಎನ್ನುತ್ತೇನೆ. ಕಾರಣ ಸೋಮಾರಿತನವಲ್ಲ, ಒಂದೇ ಪ್ರಶ್ನೆಗೆ ದೇಶಕ್ಕೊಂದು ಸರಿ ಉತ್ತರ ಇದೆ. ಹಲ್ಲಿನ ಸಂಖ್ಯೆಯನ್ನೇ ತೆಗೆದುಕೊಳ್ಳಿ. ನಾವು ಕಾಲೇಜಿನಲ್ಲಿ ಕಲಿತ ಎಫ್‌ಡಿಐ ಪದ್ಧತಿಯಲ್ಲಿ 21 ಎಂದರೆ ಮೇಲ್ದವಡೆಯ ಎಡಭಾಗದ ಮುಂಬಾಚಿ ಹಲ್ಲು. ಅಮೆರಿಕದ ಯೂನಿವರ್ಸಲ್ ಪದ್ಧತಿಯಲ್ಲಿ ಅದೇ 21 ಎಂದರೆ ಕೆಳದವಡೆಯ ಎಡಭಾಗದ ಮೊದಲ ಪ್ರಿಮೋಲಾರ್. ಆ ಮುಂಬಾಚಿ ಹಲ್ಲು ಅವರಿಗೆ 9. ಬ್ರಿಟನ್ನಿನಲ್ಲಿ ಪಾಮರ್ ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಮಾತ್ರ ನಮ್ಮ ಎಫ್‌ಡಿಐ ನಡೆಯುತ್ತದೆ. ಸಮಯದ ಒತ್ತಡದಲ್ಲಿ ಎಕ್ಸ್‌ರೇ ಚಿತ್ರ ನೋಡುತ್ತ ಇದನ್ನು ಮನಸ್ಸಿನಲ್ಲೇ ಅನುವಾದಿಸುವುದು ಅಂದುಕೊಂಡಷ್ಟು ಸುಲಭವಲ್ಲ.

ಔಷಧಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕೃತಕ ಹೃದಯ ಕವಾಟ ಇರುವ ರೋಗಿಯ ಹಲ್ಲು ಕೀಳುವ ಮುನ್ನ ಏನು ಮಾಡಬೇಕು? ಅಮೆರಿಕದ ಪರೀಕ್ಷೆಯಲ್ಲಿ ವಯಸ್ಕರಿಗೆ 2 ಗ್ರಾಂ ಅಮಾಕ್ಸಿಸಿಲಿನ್, ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮೊದಲು. ಪೆನಿಸಿಲಿನ್ ಅಲರ್ಜಿ ಇದ್ದರೆ ನಾವು ಬಾಯಿಪಾಠ ಮಾಡಿದ ಕ್ಲಿಂಡಮೈಸಿನ್ 2021ರ ನಂತರ ಅಲ್ಲಿ ಶಿಫಾರಸಿನಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ನೈಸ್ ಎಂಬ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಇಂತಹ ಪ್ರತಿಜೀವಕ ಬೇಡವೆಂದಿತು, 2016ರಲ್ಲಿ ಅದಕ್ಕೆ 'ವಾಡಿಕೆಯಾಗಿ' ಎಂಬ ಒಂದು ಪದ ಸೇರಿತು. ಆ ಒಂದು ಪದದ ಕಾರಣದಿಂದ ಅಲ್ಲಿನ ಪರೀಕ್ಷಕರು ಬಯಸುವುದು ಔಷಧದ ಅಳತೆಯನ್ನಲ್ಲ, ರೋಗಿಯ ಜೊತೆಗೂ ಹೃದ್ರೋಗ ತಜ್ಞರ ಜೊತೆಗೂ ಮಾತನಾಡುತ್ತೇನೆ ಎಂಬ ಉತ್ತರವನ್ನು. ಎದೆನೋವು ಬಂದ ರೋಗಿಗೆ ಬ್ರಿಟನ್ನಿನಲ್ಲಿ 300 ಮಿಲಿಗ್ರಾಂ ಆಸ್ಪಿರಿನ್, ಅಮೆರಿಕದಲ್ಲಿ 325. ಬ್ರಿಟನ್ನಿನವರು ಅಡ್ರಿನಲಿನ್ ಎನ್ನುವ ಔಷಧವೇ ಅಮೆರಿಕದಲ್ಲಿ ಎಪಿನೆಫ್ರಿನ್. ವಸಡಿನ ಪರೀಕ್ಷೆಗೆ ಬ್ರಿಟನ್ನಿನಲ್ಲಿ ಬಿಪಿಇ ಎಂಬ 0ಯಿಂದ 4ರ ಸಂಕೇತ ಬೇಕು: ತುದಿಯಲ್ಲಿ ಅರ್ಧ ಮಿಲಿಮೀಟರಿನ ಗುಂಡು ಇರುವ ಪ್ರೋಬಿನ ಕಪ್ಪು ಪಟ್ಟಿ ಭಾಗಶಃ ಮುಳುಗಿದರೆ 3, ಪೂರ್ತಿ ಮುಳುಗಿದರೆ 4. ಅಮೆರಿಕದ ಪರೀಕ್ಷೆಗೆ ಹೋಗುವವರು ಇದನ್ನು ಕಲಿಯುವ ಅಗತ್ಯವೇ ಬೀಳುವುದಿಲ್ಲ. ಅನಾಟಮಿ, ಪೆಥಾಲಜಿ, ಮೈಕ್ರೋಬಯಾಲಜಿ ಎಲ್ಲ ಕಡೆಯೂ ಒಂದೇ ಇರುವುದರಿಂದ ಮೊದಲ ಮೂರು ತಿಂಗಳ ಓದನ್ನು ದೇಶ ನಿಶ್ಚಯಿಸದೆಯೂ ಮಾಡಬಹುದು. ಅದರಾಚೆಗೆ ಒಂದು ದಾರಿ ಹಿಡಿಯಲೇಬೇಕು.

ಕೋಚಿಂಗ್ ಬೇಕೇ, ಮನೆಯಲ್ಲೇ ಓದಿದರೆ ಸಾಲದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಬರವಣಿಗೆಗೆ ಬೇಡ, ಕೈಕೆಲಸಕ್ಕೆ ಬೇಕು. ಬರವಣಿಗೆಗೆ ಒಂದು ಒಳ್ಳೆಯ ಪ್ರಶ್ನೆ ಸಂಗ್ರಹದ ಚಂದಾ, ವಾರಕ್ಕೆರಡು ಸಂಜೆ ಸೇರಿ ಚರ್ಚಿಸುವ ಇಬ್ಬರು ಜೊತೆಗಾರರು ಇದ್ದರೆ ಸಾಕು. ದುಬಾರಿ ತರಗತಿಗಳಲ್ಲಿ ಸಿಗುವುದು ಬಹುತೇಕ ಶಿಸ್ತು ಮಾತ್ರ. ತಪ್ಪಾದ ಪ್ರತಿ ಪ್ರಶ್ನೆಗೂ ಏಕೆ ತಪ್ಪಾಯಿತು ಎಂದು ಒಂದು ಸಾಲು ನೋಟ್‌ಬುಕ್ಕಿನಲ್ಲಿ ಬರೆಯುವವರು ಆ ಶಿಸ್ತನ್ನು ತಾವೇ ಮಾಡಿಕೊಂಡ ಹಾಗೆ.

ಕೈಕೆಲಸದ್ದು ಬೇರೆ ಕಥೆ. ನಾನು ಮೂರು ವರ್ಷ ಕ್ಲಿನಿಕ್ಕಿನಲ್ಲಿ ದುಡಿದಿದ್ದೇನೆ, ನನಗೇನು ಕಲಿಸುತ್ತಾರೆ ಎಂಬ ಹುಮ್ಮಸ್ಸಿನಲ್ಲಿ ಬೆಂಗಳೂರಿನ ಒಂದು ಬಾಡಿಗೆ ಲ್ಯಾಬಿನಲ್ಲಿ ಫ್ಯಾಂಟಮ್ ಹೆಡ್, ಅಂದರೆ ಅಭ್ಯಾಸಕ್ಕೆಂದು ಮಾಡಿದ ತಲೆಯ ಮಾದರಿಯ ಮುಂದೆ ಕುಳಿತಿದ್ದೆ. ಕೆಲಸ ಕೆಳಗಿನ ಮೊದಲ ದವಡೆ ಹಲ್ಲಿನಲ್ಲಿ ಕ್ಲಾಸ್ ಟೂ ಕುಳಿ, ಅಂದರೆ ಪಕ್ಕದ ಹಲ್ಲಿಗೆ ತಾಗುವ ಬದಿಯ ಕುಳಿ. ನಿಜವಾದ ಎನಾಮೆಲ್ ಕೊರೆಯುವ ಬರ್‌ಗೆ ಎದುರು ಒತ್ತುತ್ತದೆ, ಡೆಂಟಿನ್ ಬಂದಾಗ ಕೈಗೆ ಮೆತ್ತಗಾದದ್ದು ಗೊತ್ತಾಗುತ್ತದೆ. ಪ್ಲಾಸ್ಟಿಕ್ ಹಲ್ಲಿಗೆ ಅಂಥ ಪದರಗಳ ಸುಳಿವೇ ಇಲ್ಲ. ಏರೋಟರ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಹತ್ತೇ ನಿಮಿಷದಲ್ಲಿ ಮುಗಿಸಿ, ಬೀಗುತ್ತ ತೋರಿಸಿದೆ. ಅಲ್ಲಿದ್ದ ಹಿರಿಯರು ಕುಳಿಯನ್ನು ನೋಡಲೇ ಇಲ್ಲ. ಕನ್ನಡಿಯನ್ನು ಪಕ್ಕದ ಹಲ್ಲಿಗೆ ಹಿಡಿದು, ಅದರ ಬದಿಯಲ್ಲಿ ಉಗುರು ತಾಗಿದಷ್ಟು ಸಣ್ಣ ಗೀರನ್ನು ತೋರಿಸಿ, "ಇಲ್ಲಿಗೆ ನಿಮ್ಮ ಪರೀಕ್ಷೆ ಮುಗಿಯಿತು" ಎಂದರು. ಕ್ಲಿನಿಕ್ಕಿನಲ್ಲಿ ಅಂಥ ಎಷ್ಟು ಗೀರು ಎಳೆದಿದ್ದೆನೋ, ನೋಡುವವರಿರಲಿಲ್ಲ. ಮರುದಿನದಿಂದ ಪಕ್ಕದ ಹಲ್ಲಿಗೆ ಉಕ್ಕಿನ ಮ್ಯಾಟ್ರಿಕ್ಸ್ ಪಟ್ಟಿ ಸುತ್ತಿಯೇ ಬರ್ ಮುಟ್ಟುವುದು ಅಭ್ಯಾಸವಾಯಿತು. ರಬ್ಬರ್ ಡ್ಯಾಮ್ ಹಾಕುವುದು, ಮೇಲಿನ ಹಲ್ಲುಗಳನ್ನು ಕತ್ತು ಬಗ್ಗಿಸದೆ ಕನ್ನಡಿಯಲ್ಲೇ ನೋಡಿ ಕೊರೆಯುವುದು, ಫ್ಯಾಂಟಮ್‌ನ ತಲೆಯನ್ನು ನಿಜ ರೋಗಿಯ ತಲೆಯ ಹಾಗೆ ನೋಡಿಕೊಳ್ಳುವುದು, ಇವು ನಮ್ಮ ದಿನನಿತ್ಯದ ವೃತ್ತಿಯಲ್ಲಿ ತಪ್ಪಿಹೋಗುವ ಅಭ್ಯಾಸಗಳು. ಎದುರಿಗೆ ನಿಂತು ತಿದ್ದುವವರಿಲ್ಲದೆ ಮರಳಿ ಬರುವುದಿಲ್ಲ. ದುಡ್ಡನ್ನು ಎಲ್ಲಿ ಸುರಿಯಬೇಕೆಂದು ಕೇಳಿದರೆ ಇಲ್ಲಿ ಸುರಿಯಿರಿ ಎನ್ನುತ್ತೇನೆ.

ಹಾಗಾದರೆ ಯಾರಿಗೆ ಯಾವುದು? ಇಪ್ಪತ್ತನಾಲ್ಕು ಇಪ್ಪತ್ತೈದರ ವಯಸ್ಸು, ಸಾಲಕ್ಕೆ ಅಡವಿಡಲು ಮನೆಯವರ ಆಸ್ತಿ, ಅಲ್ಲಿಯೇ ನೆಲೆ ನಿಲ್ಲುವ ನಿಶ್ಚಯ, ಈ ಮೂರೂ ಇದ್ದರೆ ಅಮೆರಿಕ. ಮದುವೆಯಾಗಿ ಅಲ್ಲಿಗೆ ಈಗಾಗಲೇ ಹೋಗಿರುವ ಬಿಡಿಎಸ್ ಹೆಣ್ಣುಮಕ್ಕಳಿಗೂ ಅದೇ ಸರಿ, ಏಕೆಂದರೆ ಅಲ್ಲಿನ ಕ್ಲಿನಿಕ್ಕುಗಳಲ್ಲಿ ಕುಳಿತು ನೋಡಿದ ಅನುಭವ ಮತ್ತು ಶಿಫಾರಸು ಪತ್ರ ಅವರಿಗೆ ಹತ್ತಿರದಲ್ಲೇ ಸಿಗುತ್ತದೆ. ದೊಡ್ಡ ಸಾಲ ಬೇಡ, ಆದರೆ ಇಲ್ಲಿ ಸಂಪಾದನೆ ಮಾಡುತ್ತಲೇ ಎರಡು ಮೂರು ವರ್ಷ ಕಾಯಬಲ್ಲೆ ಎನ್ನುವವರಿಗೆ ಬ್ರಿಟನ್. ಕಾಯುವ ತಾಳ್ಮೆಯಿಲ್ಲ, ಕೈಯ ಮೇಲೆ ಭರವಸೆ ಇದೆ ಎನ್ನುವವರಿಗೆ ಆಸ್ಟ್ರೇಲಿಯಾ. ಎಂಡಿಎಸ್ ಮುಗಿಸಿದವರು ಒಂದು ಸಂಗತಿ ತಿಳಿದಿರಬೇಕು: ಈ ಸಾಮಾನ್ಯ ನೋಂದಣಿಯ ಪರೀಕ್ಷೆಗಳಲ್ಲಿ ನಿಮ್ಮ ವಿಶೇಷ ಪರಿಣತಿಗೆ ರಿಯಾಯಿತಿ ಇಲ್ಲ. ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿ ಐದು ವರ್ಷ ತಂತಿಯಷ್ಟೇ ಬಗ್ಗಿಸಿದವರು ಮತ್ತೆ ಕ್ರೌನ್ ಕೊರೆಯುವುದನ್ನು ಮೊದಲಿನಿಂದ ಅಭ್ಯಾಸ ಮಾಡಬೇಕಾಗುತ್ತದೆ.

ಯಾವ ದಾರಿ ಹಿಡಿದರೂ ಪುಸ್ತಕ ತೆರೆಯುವ ಮೊದಲು ಕಾಗದಪತ್ರ ಸರಿಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆ ಇನಿಷಿಯಲ್ ಇದಕ್ಕೆ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ 'ಕೆ. ಆರ್.' ಎಂದಿರುತ್ತದೆ, ಪದವಿ ಪ್ರಮಾಣಪತ್ರದಲ್ಲಿ ಅದು ಹೆಸರಿನ ಮುಂದೆ ಹೋಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಪೂರ್ತಿಯಾಗಿ ಬಿಡಿಸಿಕೊಂಡಿರುತ್ತವೆ. ಮೂರೂ ಒಬ್ಬರದೇ ಎಂದು ವಿದೇಶದ ಕಚೇರಿಗೆ ತಾನಾಗಿ ಹೊಳೆಯುವುದಿಲ್ಲ. ನೋಟರಿ ಮಾಡಿಸಿದ ಅಫಿಡವಿಟ್ ಬೇಕು, ಕೆಲವೊಮ್ಮೆ ವಿಶ್ವವಿದ್ಯಾಲಯದಲ್ಲೇ ಹೆಸರು ತಿದ್ದಿಸಬೇಕು. ಟ್ರಾನ್ಸ್‌ಕ್ರಿಪ್ಟ್‌ಗೆ ಮೊದಲೇ ಅರ್ಜಿ ಹಾಕಿ, ಎರಡು ಮೂರು ಪ್ರತಿ ಹೆಚ್ಚಾಗಿಯೇ ತೆಗೆದಿಡಿ. ಅಮೆರಿಕಕ್ಕೆ ಹೋಗುವವರು ಅದನ್ನು ಇಸಿಇ ಮೌಲ್ಯಮಾಪನಕ್ಕೂ ಕಳುಹಿಸಬೇಕಾಗುತ್ತದೆ. ವೃತ್ತಿಯಲ್ಲಿ ನಮ್ಮ ಮೇಲೆ ಆಕ್ಷೇಪವಿಲ್ಲ ಎನ್ನುವ ರಾಜ್ಯ ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರವನ್ನು ಮಾತ್ರ ಅವಸರದಲ್ಲಿ ತೆಗೆಸಬೇಡಿ. ಅದನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗಿನದೇ ಆಗಿರಬೇಕೆಂದು ಕೇಳುವುದರಿಂದ, ಉಳಿದೆಲ್ಲ ಕಾಗದ ಕೈಗೆ ಬಂದ ಮೇಲೆ ಕೊನೆಯಲ್ಲಿ ಹೋಗಿ ತರುವುದು ಸರಿ.